ಹಳೆಯ ಮೋರಿಸ್ ಮೈನರ್: ಯಾವುದನ್ನು ಹಾಗೇ ಉಳಿಸಬೇಕು, ಯಾವುದನ್ನು ಬದಲಿಸಬೇಕು?

ಮೋರಿಸ್ ಮೈನರ್ ಕೊಂಡ ಹೊಸಬರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇಂಜಿನ್ನಿನದ್ದು. ದೊಡ್ಡ ಇಂಜಿನ್ ಹಾಕಿಸಲಾ? ಐದು ಗೇರಿನ ಬಾಕ್ಸ್ ಹಾಕಿಸಲಾ? ನಾನು ತಿರುಗಿ ಕೇಳುವುದು ಒಂದೇ ಮಾತು. ಮುಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗುವ ಕೀಲುಗಳಿಗೆ, ಅಂದರೆ ಟ್ರನಿಯನ್‌ಗಳಿಗೆ ಗ್ರೀಸ್ ಹೊಡೆದು ಎಷ್ಟು ದಿನ ಆಯ್ತು?

ನಾನಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ. ಈ ಕಾರು ಹುಟ್ಟಿದ ಕೌಲಿ ಇಲ್ಲಿಂದ ದೂರವಿಲ್ಲ. ನನ್ನದು 1959ರ ಮೈನರ್ 1000. ನಾಲ್ಕು ಬಾಗಿಲಿನ ಸಲೂನ್, 948 ಸಿಸಿ ಇಂಜಿನ್. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. 1971ರವರೆಗೆ ತಯಾರಾಯಿತು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ನಮ್ಮ ಕಡೆ ಅಂಬಾಸಿಡರ್ ಓಡಿಸಿದವರಿಗೆ ಇದು ಪೂರ್ತಿ ಹೊಸದೆನಿಸುವುದಿಲ್ಲ. ಅಂಬಾಸಿಡರ್ ಅಂದರೆ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದೂ ಇದೇ ಮನೆತನದ ದೊಡ್ಡ ಕಾರು. ಮುಂದೆ ಅದೇ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಹಿಂದೆ ಅದೇ ಪಟ್ಟಿ ಸ್ಪ್ರಿಂಗು. ಮೈನರ್‌ನ ಎ ಸೀರೀಸ್ ಇಂಜಿನ್ನಿಗೆ ಅಂಬಾಸಿಡರ್‌ನ ಬಿ ಸೀರೀಸ್ ಅಣ್ಣ ಇದ್ದ ಹಾಗೆ.

ಬದಲಾವಣೆಯ ವಿಷಯ ಬಂದಾಗೆಲ್ಲ ನಾನು ಎರಡು ಸಂಗತಿ ನೋಡುತ್ತೇನೆ. ಇದನ್ನು ನಾಳೆ ಬರೀ ಸ್ಪ್ಯಾನರ್ ಹಿಡಿದು ವಾಪಸ್ ಮೊದಲಿನ ಹಾಗೆ ಮಾಡಬಹುದಾ? ಇದೊಂದನ್ನು ಬದಲಿಸಿದರೆ ಇದರ ಹಿಂದೆ ಇನ್ನೇನೇನು ಬದಲಿಸಬೇಕಾಗುತ್ತದೆ? ಬಾಡಿಯನ್ನು ಕತ್ತರಿಸಿ, ಬೆಸುಗೆ ಹಾಕಿ ಮಾಡುವ ಕೆಲಸಕ್ಕೆ ನಾನು ಬಹಳ ಯೋಚಿಸಿಯೇ ಒಪ್ಪುತ್ತೇನೆ. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸವಾದರೆ ಧೈರ್ಯವಾಗಿ ಮಾಡಿ. ತೆಗೆದ ಭಾಗವನ್ನು ಮಾತ್ರ ಎಸೆಯಬೇಡಿ.

ಎಲ್ಲಕ್ಕಿಂತ ಮೊದಲು ತುಕ್ಕು

ಈ ಕಾರಿಗೆ ಬೇರೆ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಸಿಲ್, ಅಡ್ಡ ತೊಲೆ ಎಲ್ಲ ಸೇರಿಯೇ ಕಾರಿಗೆ ಗಟ್ಟಿತನ ಬರುವುದು. ಮುಂದಿನ ಸೀಟುಗಳ ಕೆಳಗೆ ಹಾದು ಹೋಗುವ ಅಡ್ಡ ತೊಲೆಗೆ ಟಾರ್ಷನ್ ಬಾರ್‌ನ ಹಿಂದಿನ ತುದಿ ಕೂತಿರುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗನ್ನು ಹಿಡಿದಿರುವ ಜಾಗ, ಜಾಕ್ ಕೊಡುವ ಜಾಗ, ಮುಂದಿನ ಮಡ್‌ಗಾರ್ಡ್ ಒಳಗಿನ ತಗಡು, ಇವು ತುಕ್ಕು ಮನೆ ಮಾಡುವ ಸ್ಥಳಗಳು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಸಂದಿಗಳಲ್ಲಿ ನಿಂತರೆ ತಗಡು ಒಳಗಿನಿಂದಲೇ ತಿಂದುಹೋಗುತ್ತದೆ.

ಇಲ್ಲಿ ಆಯ್ಕೆ ಇರುವುದು ಎರಡರ ನಡುವೆ. ಟಾರಿನಂಥ ಕಪ್ಪು ಅಂಡರ್‌ಸೀಲ್, ಇಲ್ಲವೇ ಮೇಣದಂಥ ವ್ಯಾಕ್ಸ್. ನನ್ನ ಮತ ಪೂರ್ತಿ ವ್ಯಾಕ್ಸ್ ಕಡೆ. ಕಪ್ಪು ಸೀಲ್ ಹಳೆಯದಾದ ಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಅಲ್ಲೇ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ನನ್ನ ಕಾರು ಕೊಂಡಾಗ ಅಡಿಯಲ್ಲಿ ಹೊಳೆಯುವ ಕಪ್ಪು ಬಣ್ಣವಿತ್ತು. ಮಾರಿದವರು ಹೊಸದಾಗಿ ಬಳಿಸಿದ್ದೇವೆ ಅಂದಿದ್ದರು. ಚಳಿಗಾಲ ಕಳೆದ ಮೇಲೆ ಕೆರೆದು ನೋಡಿದರೆ ಎಡಗಡೆಯ ಸ್ಪ್ರಿಂಗ್ ಹಿಡಿಕೆಯ ಸುತ್ತ ತಗಡೇ ಇರಲಿಲ್ಲ. ವ್ಯಾಕ್ಸ್ ಮೆತ್ತಗೇ ಇರುತ್ತದೆ, ಸಂದಿಯೊಳಗೆ ಹರಿದು ಹೋಗುತ್ತದೆ, ಅದರ ಮೂಲಕ ತಗಡು ಕಾಣಿಸುತ್ತದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು ಅನ್ನುವುದು ನಿಜ. ಆ ನೆಪದಲ್ಲಾದರೂ ಕಾರಿನ ಅಡಿಗೆ ಹೋಗಿ ನೋಡುತ್ತೀರಿ. ಅದು ಒಳ್ಳೆಯದೇ ಅಲ್ವಾ?

ಹೊಸ ತಗಡಿನ ಭಾಗಗಳು ಈಗಲೂ ಸಿಗುತ್ತವೆ. ಶ್ರೀಲಂಕಾದಲ್ಲಿ ಮೈನರ್ ಮೇಲೆ ಪ್ರೀತಿ ಜಾಸ್ತಿ. ಅಲ್ಲಿ ತಯಾರಾದ ಬಾಡಿ ಭಾಗಗಳು ಬ್ರಿಟನ್ನಿಗೆ ಬಂದದ್ದೂ ಉಂಟು. ಬೆಸುಗೆ ಕೆಲಸ ಬಾಕಿ ಇರುವಾಗ ಬೇರೆ ಯಾವುದಕ್ಕೂ ಒಂದು ಪೌಂಡ್ ಖರ್ಚು ಮಾಡಬೇಡಿ.

ಬ್ರೇಕ್: ಡ್ರಮ್ ಸಾಕಾ, ಡಿಸ್ಕ್ ಬೇಕಾ?

ಮೈನರ್ ಸರಿಯಾಗಿ ನಿಲ್ಲುವುದಿಲ್ಲ ಅನ್ನುವ ದೂರು ನೀವು ಕೇಳಿರುತ್ತೀರಿ. ಆ ದೂರಿನ ಅರ್ಧಕ್ಕಿಂತ ಜಾಸ್ತಿ ಪಾಲು ಅಡ್ಜಸ್ಟ್ ಮಾಡದ ಡ್ರಮ್‌ಗಳದ್ದು ಅಂತ ನನ್ನ ಅನುಭವ. 948 ಸಿಸಿ ಕಾರಿಗೆ ನಾಲ್ಕೂ ಕಡೆ 7 ಇಂಚಿನ ಡ್ರಮ್. ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಅಡ್ಜಸ್ಟರ್ ಇವೆ, ಹಿಂದಿನದಕ್ಕೆ ಒಂದೊಂದು. ಡ್ರಮ್ಮಿನ ತೂತನ್ನು ತಿರುಗಿಸಿ ಒಂದನ್ನು ಬಿಗಿ ಮಾಡಿ, ಇನ್ನೊಂದಿದೆ ಅನ್ನುವುದನ್ನೇ ಮರೆಯುವವರು ಬಹಳ. ಆಗ ಒಂದು ಶೂ ಮಾತ್ರ ಹಿಡಿಯುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ. ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಹಾಗಾಗಿ ಮೊದಲ ದಾರಿ ಇದು. ಶೂ, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಹೊಸದು ಹಾಕಿ. ಡ್ರಮ್ ಗುಂಡಗಿದೆಯಾ ನೋಡಿಸಿ. ಎಲ್ಲ ಅಡ್ಜಸ್ಟರ್‌ಗಳನ್ನೂ ಸರಿ ಮಾಡಿ. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ.

ಎರಡನೆಯದು ನನಗೆ ಬಹಳ ಇಷ್ಟವಾದ ದಾರಿ. 1962ರಿಂದ ಬಂದ 1098 ಸಿಸಿ ಮೈನರ್‌ಗೆ ಮುಂದೆ 8 ಇಂಚಿನ ಡ್ರಮ್ ಇದೆ. ಅದನ್ನು ಹಳೆಯ ಕಾರಿಗೆ ಹಾಕಬಹುದು. ಕಂಪನಿಯೇ ಯೋಚಿಸಿ ಮಾಡಿದ ಬದಲಾವಣೆ ಅದು. ಎಲ್ಲೂ ಕತ್ತರಿಸಬೇಕಿಲ್ಲ. ನಾನು ಮಾಡಿಸಿದ್ದೂ ಇದನ್ನೇ. ಇದಕ್ಕಿಂತ ದೊಡ್ಡದು ಬೇಕೆಂದರೆ, ಮೈನರ್‌ನ ತಳಪಾಯದ ಮೇಲೇ ಕಟ್ಟಿದ ವೂಲ್ಸ್‌ಲಿ 1500, ರೈಲಿ 1.5 ಕಾರುಗಳ ದೊಡ್ಡ ಡ್ರಮ್‌ಗಳನ್ನು ಹಾಕುತ್ತಿದ್ದ ಕಾಲ ಒಂದಿತ್ತು. ಅವು ಈಗ ಸಿಗುವುದೇ ಕಷ್ಟ.

ಮೂರನೆಯದು ಡಿಸ್ಕ್. ಹಳೆಯ 14 ಇಂಚಿನ ಚಕ್ರದೊಳಗೇ ಕೂರುವ ಕಿಟ್‌ಗಳಿವೆ. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಡ್ರಮ್ ಕಾದು ಹಿಡಿತ ಬಿಡುತ್ತದೆ. ಡಿಸ್ಕಿಗೆ ಆ ಕಾಯಿಲೆ ಕಡಿಮೆ. ಆದರೆ ಇದು ಒಂದಕ್ಕೆ ನಿಲ್ಲುವ ಕೆಲಸವಲ್ಲ. ಮುಂದಿನ ಡ್ರಮ್‌ನ ಶೂಗಳು ಚಕ್ರ ತಿರುಗುವ ಬಲದಿಂದಲೇ ತಾವಾಗಿ ಇನ್ನಷ್ಟು ಬಿಗಿಯುತ್ತವೆ. ಡಿಸ್ಕಿಗೆ ಆ ಸಹಾಯ ಇಲ್ಲ. ಹಾಗಾಗಿ ಪೆಡಲ್ ಗಟ್ಟಿಯಾಗುತ್ತದೆ. ಆಮೇಲೆ ಕಾಲಿನ ಒತ್ತಿಗೆ ಬಲ ಕೂಡಿಸುವ ಸರ್ವೊ ಬೇಕು ಅನ್ನಿಸುತ್ತದೆ. ಡ್ರಮ್ಮಿಗೆಂದು ಮಾಸ್ಟರ್ ಸಿಲಿಂಡರ್ ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ಒಂದು ವಾಲ್ವ್ ಇರುತ್ತದೆ. ಅದು ಹಾಗೇ ಇದ್ದರೆ ಡಿಸ್ಕ್ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಆ ಸಿಲಿಂಡರ್ ಇರುವುದೋ ಡ್ರೈವರ್ ಕಾಲಡಿಯ ನೆಲದ ಕೆಳಗೆ. ಅದರ ಬೋಲ್ಟ್ ಎಳೆಯಲು ಹೋದರೆ ಟಾರ್ಷನ್ ಬಾರ್ ಅಡ್ಡ ಬರುತ್ತದೆ.

948 ಅಥವಾ 1098 ಇಂಜಿನ್ ಇಟ್ಟುಕೊಂಡು ಊರೊಳಗೆ, ಸಣ್ಣ ರಸ್ತೆಗಳಲ್ಲಿ ಓಡಿಸುವವರಿಗೆ 8 ಇಂಚಿನ ಡ್ರಮ್ ಸಾಕು. 1275 ಇಂಜಿನ್ ಹಾಕುವವರು ಡಿಸ್ಕ್ ಮೊದಲು ಹಾಕಿ, ಇಂಜಿನ್ ಆಮೇಲೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಗ್ರೀಸ್, ಶಾಕ್ ಅಬ್ಸಾರ್ಬರ್, ಟೈರು

ಮುಂದಿನ ಚಕ್ರವನ್ನು ಹಿಡಿದಿರುವ ಕಾಲಿನ, ಅಂದರೆ ನಿಂತ ಪಿನ್ನಿನ, ಮೇಲ್ತುದಿ, ಕೆಳತುದಿ ಎರಡರಲ್ಲೂ ಬೋಲ್ಟಿಗಿರುವಂಥ ಮರೆ ಇರುತ್ತದೆ. ಸ್ಟೀರಿಂಗ್ ತಿರುಗಿದಾಗ ಆ ಮರೆಯ ಮೇಲೆ ಟ್ರನಿಯನ್ ಸುತ್ತುತ್ತದೆ. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ. ಪೂರ್ತಿ ಸವೆದ ದಿನ ಕಾಲು ಕಳಚಿ ಚಕ್ರ ಮಡಚಿಕೊಳ್ಳುತ್ತದೆ. ಹಾಗೆ ಕೂತುಬಿಟ್ಟ ಮೈನರ್‌ಗಳನ್ನು ನಾನು ರಸ್ತೆ ಪಕ್ಕದಲ್ಲಿ ನೋಡಿದ್ದೇನೆ. ಅದಕ್ಕೇ ಮೊದಲು ಆ ಪ್ರಶ್ನೆ ಕೇಳಿದ್ದು. ನಾನು 1000 ಮೈಲಿಗೊಮ್ಮೆ ಗ್ರೀಸ್ ಹೊಡೆಯುತ್ತೇನೆ. ಜಾಕ್ ಕೊಟ್ಟು ಚಕ್ರ ನೆಲ ಬಿಟ್ಟ ಮೇಲೆ ಹೊಡೆಯಿರಿ. ಭಾರ ಇಳಿದರೆ ಗ್ರೀಸ್ ಸುತ್ತಲೂ ಹೋಗುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೂ ಒತ್ತಿ. ಇದಕ್ಕೆ ಬದಲಿ ಕಿಟ್ ಹುಡುಕುವುದಕ್ಕಿಂತ ಒಂದು ಒಳ್ಳೆಯ ಗ್ರೀಸ್ ಗನ್ ಕೊಳ್ಳಿ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮುಂದಿನ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರ್ ಬರೀ ಕುಲುಕಾಟ ತಡೆಯುವುದಿಲ್ಲ. ಅದರ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳು. ಉದ್ದ ಕೊಳವೆಯ ಹೊಸ ಶಾಕ್ ಹಾಕಿದರೂ ಹಳೆಯದು ಅಲ್ಲೇ ಇರಬೇಕು. ಎಣ್ಣೆ ತುಂಬಿಸಿ ನೋಡಿ, ಸೋರುತ್ತಿದ್ದರೆ ರಿಪೇರಿಯಾದ ಲಿವರ್ ಶಾಕ್ ತರಿಸಿ. ಹಿಂದುಗಡೆ ಕೊಳವೆ ಶಾಕ್ ಹಾಕಿದರೆ ಕುಲುಕಾಟ ಕಡಿಮೆಯಾಗುವುದು ನಿಜ. ಅದರ ಬ್ರಾಕೆಟ್ ಗಟ್ಟಿ ಜಾಗದಲ್ಲಿ ಕೂತಿದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಟೈರಿನಲ್ಲಿ ಯೋಚನೆಯೇ ಬೇಡ. ಹಳೆಯ ಕ್ರಾಸ್‌ಪ್ಲೈ ಬಿಡಿ, ರೇಡಿಯಲ್ ಹಾಕಿ. 145 ಅಥವಾ 155, 14 ಇಂಚು. ತಿರುವಿನಲ್ಲೂ ಮಳೆಯಲ್ಲೂ ಕಾರು ಬೇರೆಯೇ ಆಗುತ್ತದೆ. ಟ್ರೆಡ್ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಬೇಡಿ.

ಪಾಯಿಂಟಾ, ಎಲೆಕ್ಟ್ರಾನಿಕ್ ಇಗ್ನಿಷನ್ನಾ?

ಪ್ಲಗ್ಗಿಗೆ ಕಿಡಿ ಸಿಗಲು ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್, ಅದರ ಜೊತೆಗಿನ ಕಂಡೆನ್ಸರ್ ಕೆಟ್ಟರೆ ರಸ್ತೆ ಪಕ್ಕದಲ್ಲೇ ಸರಿ ಮಾಡಬಹುದು. 15 ಥೌ, ಅಂದರೆ ಸುಮಾರು 0.38 ಮಿಲಿಮೀಟರ್ ಸಂದಿ ಇಟ್ಟರೆ ಕಾರು ಮನೆಗೆ ಬರುತ್ತದೆ. ಸವೆಯುವುದು ನಿಧಾನ, ಮುನ್ಸೂಚನೆಯೂ ಸಿಗುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದರೆ ಚಳಿಯಲ್ಲಿ ಒಂದೇ ಸೆಲ್ಫ್‌ಗೆ ಇಂಜಿನ್ ಎದ್ದೇಳುತ್ತದೆ. ಅಡ್ಜಸ್ಟ್ ಮಾಡುವ ಕೆಲಸವೂ ಉಳಿಯುತ್ತದೆ. ಕೆಟ್ಟರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಪೂರ್ತಿ ಹೊಸ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಮೂರನೆಯ ಆಯ್ಕೆ. ಹಳೆಯ ಡಿಸ್ಟ್ರಿಬ್ಯೂಟರ್‌ನ ಶಾಫ್ಟ್ ಅಲ್ಲಾಡುತ್ತಿದ್ದರೆ ಅದಕ್ಕೆ ಹಣ ಹಾಕುವುದು ಸರಿ. ಸವೆದ ಶಾಫ್ಟಿನ ಮೇಲೆ ಹೊಸ ಮಾಡ್ಯೂಲ್ ಕೂರಿಸಿ ಪ್ರಯೋಜನವಿಲ್ಲ.

ನಾನು ಮಾಡ್ಯೂಲ್ ಹಾಕಿದ್ದೇನೆ. ಪಾಯಿಂಟ್, ಕಂಡೆನ್ಸರ್ ಕೂತಿರುವ ಹಳೆಯ ಪ್ಲೇಟನ್ನು ಸೆಟ್ ಮಾಡಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಹತ್ತು ನಿಮಿಷದಲ್ಲಿ ಬದಲಿಸಬಹುದು. ಮಾಡ್ಯೂಲ್ ಕೊಳ್ಳುವಾಗ ಒಂದು ಎಚ್ಚರ ಬೇಕು. 1959ರ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿಗೆ ಅರ್ತ್ ಆಗಿರುತ್ತದೆ. ಅದಕ್ಕೆ ಹೊಂದುವ ಮಾಡ್ಯೂಲನ್ನೇ ಕೇಳಿ ತನ್ನಿ. ತಪ್ಪಿ ನೆಗೆಟಿವ್ ಅರ್ತಿನದ್ದನ್ನು ಜೋಡಿಸಿದರೆ ಕೀ ತಿರುಗಿಸಿದ ಕ್ಷಣವೇ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು, ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್ ಆರ್ಮ್. ಈಗ ಬರುವ ಅಗ್ಗದ ರೋಟರ್‌ಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆ ರಿವೆಟ್ ಮೂಲಕ ಕಿಡಿ ಶಾಫ್ಟಿಗೆ ಇಳಿದು ಇಂಜಿನ್ ತಟ್ಟನೆ ಸಾಯುತ್ತದೆ. ಹೊಸದಾಗಿ ಹಾಕಿದ ಎರಡೇ ವಾರಕ್ಕೆ ಎ34 ರಸ್ತೆಯಲ್ಲಿ, ಮಳೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು ನಿಂತಿದ್ದೆ. ರಿವೆಟ್ ಇಲ್ಲದ, ಒಳ್ಳೆಯ ಕೆಂಪು ರೋಟರ್‌ಗೆ ಸ್ವಲ್ಪ ಜಾಸ್ತಿ ಕೊಡಿ.

ಡೈನಮೊ, ಆಲ್ಟರ್ನೇಟರ್

ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಲೂಕಾಸ್ ಸಿ40 ಡೈನಮೊ ಕೊಡುವುದು 22 ಆಂಪಿಯರ್. ನಿಧಾನವಾಗಿ ಓಡುವಾಗ ಅದೂ ಇಲ್ಲ. ಹಗಲು ಓಡಾಟಕ್ಕೆ, ಸಂಜೆಯ ಸಣ್ಣ ಪ್ರಯಾಣಕ್ಕೆ ಇದು ಸಾಕು. ರಾತ್ರಿ, ಮಳೆ, ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್ ಎಲ್ಲ ಒಟ್ಟಿಗೆ ಬೇಕಾಗುವವರಿಗೆ ಆಲ್ಟರ್ನೇಟರ್ ಬೇಕು. ಅದಕ್ಕಾಗಿ ಸಾಮಾನ್ಯವಾಗಿ ಅರ್ತನ್ನು ನೆಗೆಟಿವ್‌ಗೆ ತಿರುಗಿಸಬೇಕು. ಬ್ಯಾಟರಿ ವೈರು, ಕಾಯಿಲ್ ವೈರು ಅದಲು ಬದಲು ಮಾಡಬೇಕು. ಡೈನಮೊ ಕರೆಂಟನ್ನು ಹದ್ದಿನಲ್ಲಿಡುವ ಹಳೆಯ ಕಟೌಟ್ ಪೆಟ್ಟಿಗೆಯನ್ನು ದಾಟಿಸಿ ದಪ್ಪ ವೈರು ಎಳೆಯಬೇಕು. ನೋಡಲು ಹಳೆಯ ಡೈನಮೊ ಹಾಗೇ ಇರುವ, ಒಳಗೆ ಆಲ್ಟರ್ನೇಟರ್ ಇರುವ ಮಾದರಿಯೂ ಸಿಗುತ್ತದೆ, ಬೆಲೆ ಹೆಚ್ಚು. ಎಲ್ಲವೂ ವಾಪಸ್ ತಿರುಗಿಸಬಹುದಾದ ಕೆಲಸ, ಹಾಗಾಗಿ ನನ್ನ ತಕರಾರಿಲ್ಲ. ನನ್ನ ಕಾರಿನಲ್ಲಿ ಮಾತ್ರ ಡೈನಮೊ ಇದೆ. ಚಳಿಗಾಲದ ರಾತ್ರಿ ನಾನು ಇದನ್ನು ಹೊರಗೆ ತೆಗೆಯುವುದಿಲ್ಲ.

1961ಕ್ಕೆ ಮೊದಲಿನ ಮೈನರ್‌ಗೆ ಮಿನುಗುವ ಇಂಡಿಕೇಟರ್ ಇಲ್ಲ. ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚುತ್ತದೆ. ನೋಡಲು ಬಹಳ ಮುದ್ದಾಗಿದೆ. ಆದರೆ ಹಿಂದಿನ ಕಾರಿನವರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ. ಕೈಗಳನ್ನು ಹಾಗೇ ಉಳಿಸಿ, ಜೊತೆಗೆ ಮಿನುಗುವ ದೀಪ ಹಾಕಿಸಿ.

ಪೆಟ್ರೋಲು ಮತ್ತು ವಾಲ್ವ್ ಸೀಟು

ಹಳೆಯ ಪೆಟ್ರೋಲಿನ ಸೀಸ ವಾಲ್ವ್ ಸೀಟಿಗೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಬ್ರಿಟನ್ನಿನ ಬಂಕುಗಳಿಂದ ಅದು 2000ದ ಹೊತ್ತಿಗೆ ಹೋಯಿತು. ಈಗ ಎರಡು ದಾರಿ. ಪ್ರತಿ ಸಲ ಟ್ಯಾಂಕಿಗೆ ಬದಲಿ ದ್ರಾವಣ ಸುರಿಯುವುದು, ಇಲ್ಲವೇ ಹೆಡ್ ಬಿಚ್ಚಿಸಿ ಗಟ್ಟಿ ಲೋಹದ ಸೀಟು ಕೂರಿಸುವುದು. ಸುಮ್ನೆ ಹೆದರಿ ಹೆಡ್ ಬಿಚ್ಚಿಸಬೇಡಿ. ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದಿ ನೋಡಿ. 12 ಥೌ ಸೆಟ್ ಮಾಡಿದ ಸಂದಿ ಪದೇ ಪದೇ ಕಡಿಮೆಯಾಗುತ್ತಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಅಂತ ಅರ್ಥ. ಆಗ ಕೆಲಸ ಮಾಡಿಸಿ. ಸಂದಿ ನಿಂತಲ್ಲೇ ನಿಂತಿದ್ದರೆ, ವರ್ಷಕ್ಕೆ ಒಂದೆರಡು ಸಾವಿರ ಮೈಲಿ ನಿಧಾನವಾಗಿ ಓಡಿಸುವವರಿಗೆ ಅವಸರವಿಲ್ಲ.

2021ರ ಸೆಪ್ಟೆಂಬರ್‌ನಿಂದ ಇಲ್ಲಿ ಮಾಮೂಲಿ ಪೆಟ್ರೋಲಿನಲ್ಲಿ ಎಥನಾಲ್ ಶೇ. 10ರವರೆಗೆ ಇರುತ್ತದೆ. ಹಳೆಯ ರಬ್ಬರ್ ಹೋಸ್ ಇದಕ್ಕೆ ಬಿರುಕು ಬಿಡುತ್ತದೆ. ಸೂಪರ್ ದರ್ಜೆಯ ಇ5 ಹಾಕಿ. ಹೋಸನ್ನು ಆರ್9 ಗುರುತಿನದ್ದಕ್ಕೆ ಬದಲಿಸಿ. ಇಂಜಿನ್ ಆಯಿಲ್ 20ಡಬ್ಲ್ಯು-50, 3000 ಮೈಲಿಗೊಮ್ಮೆ. ಹೊಸ ಕಾರಿನ ತೆಳು ಆಯಿಲ್ ಈ ಇಂಜಿನ್ನಿಗೆ ಬೇಡ.

ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್

ಈಗ ಎಲ್ಲರೂ ಕಾಯುವ ಮಾತು. 948 ಇಂಜಿನ್ 37 ಕುದುರೆಬಲದ್ದು, 1098 ಇಂಜಿನ್ 48. ಎಂಜಿ ಮಿಜೆಟ್‌ನ 1275 ಇಂಜಿನ್ 65. ಮೂರೂ ಒಂದೇ ಎ ಸೀರೀಸ್ ಕುಟುಂಬ. ಅದಕ್ಕೇ 1275 ಹಾಕುವುದು ಇಷ್ಟು ಜನಪ್ರಿಯ. ಮೋರಿಸ್ ಮರೀನಾದ ಇಂಜಿನ್ ಅಗ್ಗಕ್ಕೆ ಸಿಕ್ಕರೆ ಸಂಪ್, ಇಂಜಿನ್ ಪ್ಲೇಟ್ ಮುಂತಾದವನ್ನು ಹೊಂದಿಸಿಕೊಳ್ಳಬೇಕು. ದಿನಾ ಹೆದ್ದಾರಿಯಲ್ಲಿ ಓಡಾಡುವವರಿಗೆ 1275 ನಿಜಕ್ಕೂ ಒಳ್ಳೆಯದು. ಆದರೆ ಅದರ ಹಿಂದೆ ಬ್ರೇಕ್, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್ ಎಲ್ಲದರ ಲೆಕ್ಕವೂ ಬರುತ್ತದೆ. 948ರ ಹಳೆಯ ಗೇರ್‌ಬಾಕ್ಸ್ ಅಷ್ಟು ಬಲವನ್ನು ಬಹಳ ದಿನ ತಡೆಯದು.

ಐದು ಗೇರಿಗೆ ಫೋರ್ಡ್ ಟೈಪ್ 9 ಬಾಕ್ಸ್ ಕೂರಿಸುವ ಕಿಟ್ ಇದೆ. ಗೇರು ಕಿರುಗುಟ್ಟದೆ ಬೀಳಲು ನೆರವಾಗುವ ಸಿಂಕ್ರೊ ಮೊದಲ ಗೇರಿಗೂ ಸಿಗುತ್ತದೆ, ಹೆದ್ದಾರಿಯಲ್ಲಿ ಕಿವಿಗೆ ನೆಮ್ಮದಿ. ಪ್ರೊಪೆಲ್ಲರ್ ಶಾಫ್ಟ್ ಹೊಸದು ಬೇಕು. ಕಿಟ್ ನೋಡಿಕೊಂಡು ಕೊಳ್ಳಿ. ಬಾಡಿ ಕತ್ತರಿಸಬೇಕು ಅಂದರೆ ನಾನು ಬೇಡ ಅನ್ನುತ್ತೇನೆ.

ಇವೆರಡಕ್ಕಿಂತ ಮೊದಲು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಬಗ್ಗೆ ಯೋಚಿಸಿ. 948 ಕಾರಿನ ಅನುಪಾತ 4.55, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 4.55 ಸುತ್ತು ತಿರುಗಬೇಕು. ಗಂಟೆಗೆ 60 ಮೈಲಿ ವೇಗದಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗುತ್ತದೆ. 1098ರ ಅನುಪಾತ 4.22. ಮಿಜೆಟ್, ಸ್ಪ್ರೈಟ್ ಕಾರುಗಳ 3.9 ಡಿಫರೆನ್ಷಿಯಲ್ ಇದೇ ಆ್ಯಕ್ಸೆಲ್ಲಿಗೆ ಕೂರುತ್ತದೆ. ಆಗ ಅದೇ ವೇಗಕ್ಕೆ ಸುಮಾರು 3400 ಸುತ್ತು ಸಾಕು. ಶಬ್ದ ಇಳಿಯುತ್ತದೆ, ಇಂಜಿನ್ ಬಾಳಿಕೆ ಬರುತ್ತದೆ. 948ಕ್ಕೆ 3.9 ಹಾಕಿದರೆ ಏರಿನಲ್ಲಿ ಪಿಕಪ್ ಸಾಲದು, ಮೂರನೇ ಗೇರಿಗೆ ಬೇಗ ಇಳಿಯಬೇಕಾಗುತ್ತದೆ. ಅದಕ್ಕೆ 4.22 ಸರಿ. 1098 ಇರುವವರು 3.9 ಹಾಕಿ ನೆಮ್ಮದಿಯಾಗಿರಿ. ಸ್ಪೀಡೋಮೀಟರ್ ಮಾತ್ರ ಮರೆಯಬೇಡಿ. ಅದರ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದ. 4.55 ತೆಗೆದು 3.9 ಹಾಕಿದ ಕಾರಿನಲ್ಲಿ ಮುಳ್ಳು 60 ತೋರಿಸುವಾಗ ನೀವು ನಿಜವಾಗಿ 70ರಲ್ಲಿ ಹೋಗುತ್ತಿರುತ್ತೀರಿ. ಮೀಟರನ್ನೂ ಹೊಂದಿಸಿಕೊಳ್ಳಿ.

ಕಾಗದಪತ್ರ

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 40 ವರ್ಷ ದಾಟಿದ ಕಾರಿಗೆ 2018ರ ಮೇ ತಿಂಗಳಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಕಳೆದ 30 ವರ್ಷದೊಳಗೆ ಕಾರನ್ನು ಗಣನೀಯವಾಗಿ ಬದಲಿಸಿದ್ದರೆ ಈ ವಿನಾಯಿತಿ ಇಲ್ಲ. ಅದೇ ಇಂಜಿನ್ನಿನ ಬೇರೆ ಸಿಸಿ ಹಾಕಿದರೆ ಅದು ಗಣನೀಯ ಬದಲಾವಣೆ ಆಗುವುದಿಲ್ಲ, ಹಾಗಾಗಿ 1275ಕ್ಕೆ ತೊಂದರೆಯಿಲ್ಲ. ಸುರಕ್ಷತೆಗಾಗಿ ಮಾಡಿದ ಬ್ರೇಕ್ ಬದಲಾವಣೆಗೂ ಅಡ್ಡಿಯಿಲ್ಲ. ಬೇರೆ ಕಂಪನಿಯ ಇಂಜಿನ್, ಬೇರೆ ಬಗೆಯ ಸಸ್ಪೆನ್ಷನ್ ಹಾಕುವವರು ಮೊದಲು ನಿಯಮ ಓದಿಕೊಳ್ಳಿ. ವಿಮೆಯವರಿಗೆ ಪ್ರತಿ ಬದಲಾವಣೆಯನ್ನೂ ಹೇಳಿ, ಡಿಸ್ಕ್ ಬ್ರೇಕನ್ನೂ ಸಹ.

ನಾನು ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಕಾರನ್ನು ತಪಾಸಣೆಗೆ ಒಯ್ಯುತ್ತೇನೆ. ನನ್ನ ಬೆಸುಗೆ, ನನ್ನ ಬ್ರೇಕ್ ಕೆಲಸವನ್ನು ಇನ್ನೊಬ್ಬರ ಕಣ್ಣು ನೋಡಲಿ ಅಂತ. ಹೋದ ವರ್ಷ ಅವರು ಬಲಗಡೆಯ ಕೆಳಗಿನ ಟ್ರನಿಯನ್ನಿನಲ್ಲಿ ಸ್ವಲ್ಪ ಆಟ ಇದೆ ಅಂದರು. ಗ್ರೀಸ್ ತಪ್ಪಿಸಿರಲಿಲ್ಲ, ಆದರೂ 60 ವರ್ಷ ದಾಟಿದ ಲೋಹ. ಮರುದಿನವೇ ಕಾಲು ಬಿಚ್ಚಿ ಹೊಸ ಪಿನ್ನು ಹಾಕಿದೆ. 7 ಇಂಚಿನ ಡ್ರಮ್‌ಗಳು ಇರುವ ಪೆಟ್ಟಿಗೆಯಲ್ಲಿ ಆ ಹಳೆಯ ಪಿನ್ನನ್ನೂ ಇಟ್ಟಿದ್ದೇನೆ. ಹೊಸಬರು ಬಂದಾಗ ಸವೆದ ಮರೆ ಹೇಗಿರುತ್ತದೆ ಅಂತ ಕೈಗೆ ಕೊಟ್ಟು ತೋರಿಸುತ್ತೇನೆ.